ಶಾಯಿ ಒಣಗುವ ಮೊದಲೇ

ಐದನೇ ಎಪಿಸೋಡ್ ಮುಗಿದ ಮೇಲೆ ಅಕ್ಕ ನನ್ನ ಜೊತೆ ಎರಡು ದಿನ ಮಾತು ಬಿಟ್ಟಿದ್ದಳು. ತಪ್ಪು ನನ್ನದೇ. ಟಿವಿಯಲ್ಲಿ ಹೆಸರುಗಳು ಓಡುತ್ತಿದ್ದವು. ಅವಳು ಮೊಣಕಾಲು ತಬ್ಬಿಕೊಂಡು ಹಾಗೇ ಕೂತಿದ್ದಳು. ನಾನು ಬಾಯಿ ಮುಚ್ಚಿಕೊಂಡು ಎದ್ದು ಹೋಗಬಹುದಿತ್ತು. ಹೋಗಲಿಲ್ಲ. ‘ನಾನು ಹೇಳಿರಲಿಲ್ವಾ?’ ಅಂದೆ.

ಗೇಮ್ ಆಫ್ ಥ್ರೋನ್ಸ್ ಧಾರಾವಾಹಿಯ ಎಂಟನೇ ಸೀಸನ್ನಿನ ಮಾತು ಇದು. ಕೊನೇ ಸೀಸನ್ನು. ಎಚ್‌ಬಿಒದಲ್ಲಿ 2019ರ ಏಪ್ರಿಲ್ 14ಕ್ಕೆ ಶುರುವಾಗಿ ಮೇ 19ಕ್ಕೆ ಮುಗಿಯಿತು. ಆರು ವಾರ, ಆರು ಎಪಿಸೋಡು. 2011ರಿಂದ ಹಿಂದೆ ಬಿದ್ದು ನೋಡಿದ ಕಥೆ ಆರು ವಾರದಲ್ಲಿ ಗಂಟು ಮೂಟೆ ಕಟ್ಟಿಕೊಂಡು ಹೊರಟುಹೋಯಿತು.

ಇಷ್ಟು ವರ್ಷ ಆದಮೇಲೆ ಇದನ್ನು ಬರೆಯೋಕೆ ಕಾರಣ ಇದೆ. ಈಚೆಗೆ ಮೊದಲಿನಿಂದ ಕೊನೆವರೆಗೆ ಎಲ್ಲ 73 ಎಪಿಸೋಡನ್ನೂ ಇನ್ನೊಮ್ಮೆ ನೋಡಿದೆ. ಮುಗಿಯುವ ಮೊದಲೇ, ನಾಲ್ಕನೇ ಸೀಸನ್ನಿನ ಕೊನೆಯಲ್ಲಿ ನಿಲ್ಲಿಸಿ ಅಕ್ಕನಿಗೆ ಫೋನ್ ಮಾಡಿದೆ. ‘ಅವತ್ತು ನಾನು ಹೇಳಿದ್ದು ಅರ್ಧ ತಪ್ಪು’ ಅಂದೆ. ಯಾವತ್ತು, ಏನು ಅಂತ ಅವಳು ಕೇಳಲೇ ಇಲ್ಲ. ‘ಯಾವ ಅರ್ಧ?’ ಅಂತಷ್ಟೇ ಕೇಳಿದಳು.

(ಇನ್ನೂ ನೋಡದವರು ಯಾರಾದರೂ ಇದ್ದರೆ ಇಲ್ಲಿಗೇ ನಿಲ್ಲಿಸಿ. ಮುಂದೆ ತುಂಬಾ ಜನ ಸಾಯುತ್ತಾರೆ.)

ನಮ್ಮಿಬ್ಬರ ಹತ್ತಿರ ಒಂದು ನೋಟ್‌ಬುಕ್ ಇತ್ತು. ಒಂದು ಕಡೆ ಅವಳ ಪಂದ್ಯ, ಇನ್ನೊಂದು ಕಡೆ ನನ್ನದು. ಕಬ್ಬಿಣದ ಸಿಂಹಾಸನದ ಮೇಲೆ ಕೂರೋದು ಯಾರು, ರಾಣಿ ಸರ್ಸಿಯನ್ನು ಕೊಲ್ಲೋದು ಯಾರು, ಸತ್ತವರ ಸೈನ್ಯದ ಒಡೆಯ ನೈಟ್ ಕಿಂಗ್‌ಗೆ ಬೇಕಾಗಿರೋದು ಏನು. ಅಕ್ಕ ಮೊದಲ ಸೀಸನ್ನಿನಿಂದಲೂ ಡೆನೇರಿಸ್ ಪಕ್ಷ. ಅಣ್ಣನೇ ಮಾರಿದ ಹುಡುಗಿ, ಉರಿಯುವ ಚಿತೆಯಿಂದ ಮೂರು ಡ್ರ್ಯಾಗನ್ ಮರಿ ಹೊತ್ತು ಎದ್ದು ಬಂದವಳು, ಗುಲಾಮರ ಸಂಕೋಲೆ ಬಿಚ್ಚಿದವಳು. ಪಕ್ಷ ವಹಿಸೋಕೆ ಇನ್ನೇನು ಬೇಕು? ಅಮೆರಿಕದಲ್ಲಿ ಹೆಣ್ಣುಮಕ್ಕಳಿಗೆ ಖಲೀಸಿ ಅಂತ, ಅವಳ ಬಿರುದನ್ನೇ, ಹೆಸರಿಟ್ಟ ಅಪ್ಪ ಅಮ್ಮಂದಿರೇ ನೂರಾರು. ನಾನು ಮಾತ್ರ ನನ್ನ ಪುಟದಲ್ಲಿ ‘ಇವಳು ಒಂದಿನ ಊರು ಸುಡ್ತಾಳೆ’ ಅಂತ ಬರೆದು ಕೆಳಗೆ ಎರಡು ಗೆರೆ ಎಳೆದಿದ್ದೆ. ಬರೆದದ್ದು ಜಾಣತನಕ್ಕಲ್ಲ, ಅವಳನ್ನು ರೇಗಿಸೋಕೆ.

ಸೀಸನ್ ಚೆನ್ನಾಗಿತ್ತಾ ಕೆಟ್ಟದಾಗಿತ್ತಾ ಅನ್ನೋ ಜಗಳ ಹಳೇದು. ಅದರಲ್ಲಿ ನಾನೂ ಬೇಕಾದಷ್ಟು ಕಿರುಚಿದ್ದೇನೆ. ಈ ಸಲ ನೋಡುವಾಗ ನನ್ನ ಕಣ್ಣಿಗೆ ಬಿದ್ದದ್ದು ಬೇರೆ: ದಾರಿ. ಜನ ನಡೆದು ಹೋಗೋ ದಾರಿ.

ಮೊದಲ ಎಪಿಸೋಡಿನಲ್ಲಿ ರಾಜ ರಾಬರ್ಟ್ ಪರಿವಾರ ಸಮೇತ ಉತ್ತರದ ವಿಂಟರ್‌ಫೆಲ್ ಕೋಟೆಗೆ ಬರುತ್ತಾನೆ. ಇಳಿದವನೇ ನೆಲಮಾಳಿಗೆಯ ಸಮಾಧಿ ನೋಡಬೇಕು ಅನ್ನುತ್ತಾನೆ. ಒಂದು ತಿಂಗಳಿನಿಂದ ಪ್ರಯಾಣ ಮಾಡಿದ್ದೇವೆ, ಸತ್ತವರು ಸ್ವಲ್ಪ ಕಾಯಲಿ ಅಂತ ಸರ್ಸಿ ಕೊಂಕು ಆಡುತ್ತಾಳೆ. ಒಂದು ತಿಂಗಳು! ಆ ಒಂದು ಮಾತಿನಲ್ಲೇ ನಮಗೆ ಆ ಲೋಕದ ಅಳತೆ ಸಿಕ್ಕಿಬಿಡುತ್ತದೆ. ಅಲ್ಲಿ ಸುದ್ದಿ ತಡವಾಗಿ ಮುಟ್ಟುತ್ತದೆ. ಸಹಾಯ ಇನ್ನೂ ತಡ. ಯಾರೋ ಯಾರನ್ನೋ ನೋಡಬೇಕು ಅಂದರೆ ಅರ್ಧ ಸೀಸನ್ ನಡೆಯಬೇಕು. ಆ ನಡಿಗೆಯಲ್ಲೇ ಮನುಷ್ಯ ಬೇರೆಯವನಾಗುತ್ತಾನೆ.

ಮೂರನೇ ಸೀಸನ್ನಿನ ಜೇಮಿ ಮತ್ತು ಬ್ರಿಯೆನ್ ಜೋಡಿ ನೆನಪು ಮಾಡಿಕೊಳ್ಳಿ. ಅವನು ಸರ್ಸಿಯ ಅವಳಿ ಸೋದರ, ಗುಟ್ಟಿನ ಪ್ರಿಯಕರ; ಅವಳು ಕತ್ತಿ ಹಿಡಿದ ಹೆಂಗಸು. ಕೈದಿಯಾಗಿ ಹಗ್ಗ ಕಟ್ಟಿಸಿಕೊಂಡು ಹೊರಟ ಜೇಮಿ ದಾರಿಯುದ್ದಕ್ಕೂ ಅವಳನ್ನು ಹೀಯಾಳಿಸುತ್ತಾನೆ. ದಾರಿಯಲ್ಲಿ ಅವನ ಬಲಗೈ ಹೋಗುತ್ತದೆ. ಸ್ನಾನದ ಕೊಳದಲ್ಲಿ ಕೂತು, ಹುಚ್ಚು ರಾಜನನ್ನು ತಾನು ಯಾಕೆ ಕೊಂದೆ ಅನ್ನೋದನ್ನು ಅವಳಿಗೆ ಹೇಳುತ್ತಾನೆ. ಆಮೇಲೆ ಒಂದಿನ, ಕೈಯಲ್ಲಿ ಆಯುಧ ಇಲ್ಲದಿದ್ದರೂ, ಕರಡಿ ಇರುವ ಗುಂಡಿಗೆ ಅವಳಿಗಾಗಿ ಹಾರುತ್ತಾನೆ. ಅವನು ಬದಲಾದ ಅಂತ ಯಾರೂ ಬಂದು ಹೇಳಲಿಲ್ಲ. ಅವನ ಜೊತೆ ನಾವೂ ಅಷ್ಟು ದೂರ ನಡೆದಿದ್ದೆವು, ಅಷ್ಟೇ.

ಲೆಕ್ಕವೂ ಹಾಗೇ. ವಿಂಟರ್‌ಫೆಲ್‌ನ ಒಡೆಯ ನೆಡ್ ಸ್ಟಾರ್ಕ್ ತಲೆ ಹೋಗೋದು ಮೊದಲ ಸೀಸನ್ನಿನ ಒಂಬತ್ತನೇ ಎಪಿಸೋಡಿನಲ್ಲಿ. ಮೊದಲ ಸಲ ನೋಡಿದಾಗ ಎದೆ ಧಸಕ್ ಅಂದಿತ್ತು. ಮತ್ತೆ ನೋಡಿದರೆ ಅದರಲ್ಲಿ ಆಶ್ಚರ್ಯವೇ ಇಲ್ಲ. ಎರಡು ಎಪಿಸೋಡ್ ಹಿಂದೆಯೇ ಅವನು ಸರ್ಸಿಯ ಮುಂದೆ ನಿಂತು, ‘ನಿನ್ನ ಗುಟ್ಟು ನನಗೆ ಗೊತ್ತು, ರಾಜನಿಗೆ ಹೇಳುವ ಮೊದಲು ಮಕ್ಕಳನ್ನು ಕರೆದುಕೊಂಡು ಓಡಿಹೋಗು’ ಅನ್ನೋ ಅರ್ಥದಲ್ಲಿ ಎಚ್ಚರಿಸಿರುತ್ತಾನೆ. ಸಾಲ ಅವತ್ತೇ ಬರೆದಾಗಿತ್ತು. ಅವನ ಮಗ ರಾಬ್ ಮದುವೆಯ ಮಾತು ಮುರಿದ. ಮೂರನೇ ಸೀಸನ್ನಿನ ಮದುವೆ ಮನೆಯಲ್ಲಿ ಅದನ್ನು ಬಡ್ಡಿ ಸಮೇತ ತೀರಿಸಿದ. ಯಾರಿಗೂ ವಿನಾಯಿತಿ ಇಲ್ಲ. ನೋಡೋರಿಗೆ ಈ ಲೆಕ್ಕ ಕಲಿಸಿದ್ದು ಆ ಧಾರಾವಾಹಿಯೇ.

ಮೊದಲ ಆರು ಸೀಸನ್ನಿಗೆ ತಲಾ ಹತ್ತು ಎಪಿಸೋಡು. ಏಳನೆಯದಕ್ಕೆ ಏಳು. ಎಂಟನೆಯದಕ್ಕೆ ಆರು. ಎಚ್‌ಬಿಒ ಇನ್ನೂ ಜಾಸ್ತಿ ಕೊಡೋಕೆ ತಯಾರಿತ್ತು, ಧಾರಾವಾಹಿ ಮಾಡಿದ ಡೇವಿಡ್ ಬೆನಿಯಾಫ್ ಮತ್ತು ಡಿ.ಬಿ. ವೈಸ್ ಇಷ್ಟೇ ಸಾಕು ಅಂದರು. ಏಳನೇ ಸೀಸನ್ನಿನಲ್ಲೇ ಸುಳಿವು ಸಿಕ್ಕಿತ್ತು. ನೆಡ್ ಸಾಕಿದ ಜಾನ್ ಮತ್ತು ಅವನ ಜೊತೆಗಾರರು ಉತ್ತರದ ತುದಿಯ ಹಿಮಗೋಡೆಯ ಆಚೆ ಹೆಪ್ಪುಗಟ್ಟಿದ ಕೆರೆಯ ನಡುವೆ ಸಿಕ್ಕಿಹಾಕಿಕೊಳ್ಳುತ್ತಾರೆ. ಗೆಂಡ್ರಿ ಗೋಡೆಯವರೆಗೆ ಓಡುತ್ತಾನೆ. ಅಲ್ಲಿಂದ ಕಾಗೆ ಸುದ್ದಿ ಹೊತ್ತು ಹಾರಿ ಡೆನೇರಿಸ್ ಇರುವ ಡ್ರ್ಯಾಗನ್‌ಸ್ಟೋನ್ ಮುಟ್ಟುತ್ತದೆ. ಡೆನೇರಿಸ್ ಡ್ರ್ಯಾಗನ್ ಏರಿ ಅಷ್ಟು ದೂರ ಬರುತ್ತಾಳೆ. ಎಲ್ಲಾ ಒಂದೇ ಎಪಿಸೋಡಿನಲ್ಲಿ. ರಾಜನಿಗೆ ಒಂದು ತಿಂಗಳು ಹಿಡಿದಿದ್ದ ಲೋಕ ಅದೇನಾ ಅಂತ ಅನ್ನಿಸಿತ್ತು. ಆಗ ನಕ್ಕು ಸುಮ್ಮನಾಗಿದ್ದೆವು. ಡ್ರ್ಯಾಗನ್ ಚೆನ್ನಾಗಿತ್ತಲ್ಲ!

ಎಂಟನೇ ಸೀಸನ್ನಿನ ಮೊದಲ ಎಪಿಸೋಡಿನ ಬಗ್ಗೆ ಹೆಚ್ಚು ಹೇಳೋಕೆ ಏನಿಲ್ಲ. ಎಲ್ಲರೂ ಎಲ್ಲರನ್ನೂ ಭೇಟಿ ಮಾಡುತ್ತಾರೆ. ಸೈನ್ಯ ನೋಡೋಕೆ ಒಬ್ಬ ಹುಡುಗ ಮರ ಹತ್ತುತ್ತಾನೆ. ಹಿಂದೆ ರಾಜನ ದಂಡು ಬರುವಾಗ ನೆಡ್‌ನ ಮಗ ಬ್ರಾನ್ ಗೋಡೆ ಹತ್ತಿ ನೋಡಿದ್ದ ಹಾಗೆ. ಅದೊಂದು ಹಿತವಾಗಿತ್ತು.

ಎರಡನೆಯದು ಬೇರೆಯೇ ಮಾತು. ಏಪ್ರಿಲ್ 21ರದ್ದು, ಬ್ರಯನ್ ಕಾಗ್‌ಮನ್ ಬರೆದದ್ದು. ಅದರಲ್ಲಿ ಏನೂ ನಡೆಯುವುದಿಲ್ಲ. ನಾಳೆ ಸತ್ತವರ ಸೈನ್ಯ ಬರುತ್ತದೆ, ಇವತ್ತು ರಾತ್ರಿ ನಿದ್ದೆ ಬರುವುದಿಲ್ಲ. ಬೆಂಕಿಯ ಸುತ್ತ ಆರು ಜನ ಕೂತಿದ್ದಾರೆ: ಡೆನೇರಿಸ್‌ಳ ಸಲಹೆಗಾರ ಟಿರಿಯನ್, ಜೇಮಿ, ಡಾವೋಸ್, ಟಾರ್ಮಂಡ್, ಬ್ರಿಯೆನ್, ಅವಳ ಸಹಾಯಕ ಪಾಡ್ರಿಕ್. ಪಾಡ್ರಿಕ್‌ಗೆ ಅರ್ಧ ಲೋಟ ವೈನ್ ಸಾಕು ಅನ್ನುತ್ತಾಳೆ ಬ್ರಿಯೆನ್. ಟಿರಿಯನ್ ತುಳುಕುವವರೆಗೆ ಸುರಿಯುತ್ತಾನೆ. ಟಾರ್ಮಂಡ್ ರಾಕ್ಷಸಿಯ ಹಾಲು ಕುಡಿದು ಬೆಳೆದೆ ಅಂತ ಬಡಾಯಿ ಕೊಚ್ಚಿ, ಕೊಂಬಿನಿಂದ ಗಡ್ಡಕ್ಕೆಲ್ಲ ಚೆಲ್ಲಿಕೊಂಡು ಕುಡಿಯುತ್ತಾನೆ.

ಮಾತಿನ ಮಧ್ಯೆ ಬ್ರಿಯೆನ್ ನೈಟ್ (ಬಿರುದು ಪಡೆದ ಯೋಧ) ಅಲ್ಲ ಅನ್ನೋದು ಟಾರ್ಮಂಡ್‌ಗೆ ಗೊತ್ತಾಗುತ್ತದೆ. ಯಾಕಂತೆ? ಹೆಂಗಸರನ್ನು ನೈಟ್ ಮಾಡುವ ಪದ್ಧತಿ ಇಲ್ಲ. ಅವನು ಪದ್ಧತಿಗೆ ಒಂದು ಬೈಗುಳ ಒಗೆಯುತ್ತಾನೆ. ತನಗೇನೂ ನೈಟ್ ಆಗೋ ಆಸೆಯಿಲ್ಲ ಅನ್ನುತ್ತಾಳೆ ಬ್ರಿಯೆನ್. ಆಗ ಪಾಡ್ರಿಕ್ ಅವಳ ಕಡೆ ನೋಡುವ ನೋಟ ಇದೆಯಲ್ಲ, ಅದನ್ನು ಗಮನಿಸಿ. ಅವಳು ಸುಳ್ಳು ಹೇಳುತ್ತಿದ್ದಾಳೆ ಅಂತ ಆ ಕೋಣೆಯಲ್ಲಿ ಚೆನ್ನಾಗಿ ಗೊತ್ತಿರುವವನು ಅವನೊಬ್ಬ.

ಜೇಮಿ ಎದ್ದು ನಿಲ್ಲುತ್ತಾನೆ. ನೈಟ್ ಮಾಡೋಕೆ ರಾಜನೇ ಬೇಕಿಲ್ಲ, ಒಬ್ಬ ನೈಟ್ ಇನ್ನೊಬ್ಬರನ್ನು ಮಾಡಬಹುದು ಅನ್ನುತ್ತಾನೆ. ಕತ್ತಿ ಹಿರಿಯುತ್ತಾನೆ. ಎಡಗೈಯಲ್ಲಿ. ಬಲಗೈ ಅವಳ ಜೊತೆ ನಡೆದ ದಾರಿಯಲ್ಲೇ ಹೋಯಿತಲ್ಲ. ಬ್ರಿಯೆನ್ ಮೊದಲು ತಮಾಷೆ ಅಂದುಕೊಂಡು ನಗುತ್ತಾಳೆ. ಆಮೇಲೆ ನಗು ಇಳಿಯುತ್ತದೆ. ಪಾಡ್ರಿಕ್ ಕಡೆ ನೋಡುತ್ತಾಳೆ, ಅವನು ತಲೆಯಾಡಿಸುತ್ತಾನೆ. ಮೊಣಕಾಲೂರಿ ಕೂರುತ್ತಾಳೆ. ಕತ್ತಿ ಒಂದು ಭುಜ ಮುಟ್ಟುತ್ತದೆ, ಇನ್ನೊಂದು ಭುಜ ಮುಟ್ಟುತ್ತದೆ. ಬ್ರಿಯೆನ್ ಪಾತ್ರದ ಗ್ವೆಂಡೊಲಿನ್ ಕ್ರಿಸ್ಟಿ ಅಲ್ಲಿ ಅಳುವುದಿಲ್ಲ, ಅಳು ತಡೆದುಕೊಳ್ಳುತ್ತಾರೆ. ಎದ್ದು ನಿಂತಾಗ ಮುಖದ ತುಂಬ ಒಂದು ನಗು ಬರುತ್ತದೆ. ಅಷ್ಟು ಸೀಸನ್ನಿನಲ್ಲಿ ಅಂಥ ನಗು ಆ ಮುಖದ ಮೇಲೆ ನೋಡಿದ ನೆನಪು ನನಗಿಲ್ಲ. ಚಪ್ಪಾಳೆ ಟಾರ್ಮಂಡ್‌ದು ಎಲ್ಲರಿಗಿಂತ ಜೋರು.

ಒಂದು ಕೋಣೆ, ಒಂದು ಬೆಂಕಿ, ಆರು ಜನ. ಡ್ರ್ಯಾಗನ್ ಇಲ್ಲ. ಇಡೀ ಸೀಸನ್ನಿನಲ್ಲಿ ನನಗೆ ಗಂಟಲು ಕಟ್ಟಿದ್ದು ಇಲ್ಲೇ. ಮೂರನೇ ಸೀಸನ್ನಿನಲ್ಲಿ ಇವರ ಜೊತೆ ನಡೆಯದೇ ಹೋದವರಿಗೆ ಇದರಲ್ಲಿ ಏನಿದೆ? ಒಬ್ಬಳು ಮೊಣಕಾಲೂರಿದಳು, ಎದ್ದಳು, ಅಷ್ಟೇ. ಮತ್ತೆ ಇದೇ ಜೇಮಿ ಎರಡು ಎಪಿಸೋಡ್ ಆದಮೇಲೆ ಬ್ರಿಯೆನ್ ಜೊತೆ ರಾತ್ರಿ ಕಳೆದು, ಇನ್ನೊಂದು ರಾತ್ರಿ ಅವಳನ್ನು ಅಂಗಳದಲ್ಲಿ ಅಳೋಕೆ ಬಿಟ್ಟು ಸರ್ಸಿ ಹತ್ತಿರ ಹೊರಟುಹೋಗುತ್ತಾನೆ. ಸರ್ಸಿ ಕೆಟ್ಟವಳು, ನಾನೂ ಕೆಟ್ಟವನೇ ಅನ್ನೋದು ಅವನ ವಾದ. ಮನುಷ್ಯ ಹಳೇ ಚಟಕ್ಕೆ ವಾಪಸ್ ಹೋಗೋದು ಸುಳ್ಳೇನಲ್ಲ. ಬರೋಕೆ ಐದು ಸೀಸನ್ ಹಿಡಿದವನು ವಾಪಸ್ ಹೋಗೋಕೆ ಐದು ನಿಮಿಷ ಹಿಡಿದ, ನನ್ನ ತಕರಾರು ಅಷ್ಟೇ.

ಮೂರನೇ ಎಪಿಸೋಡು ಯುದ್ಧ. 82 ನಿಮಿಷ. ಮಿಗೆಲ್ ಸಪೋಚ್ನಿಕ್ ನಿರ್ದೇಶನ. ಉತ್ತರ ಐರ್ಲೆಂಡಿನಲ್ಲಿ 55 ರಾತ್ರಿ ಹೊರಾಂಗಣದಲ್ಲಿ ಚಿತ್ರೀಕರಣ ಮಾಡಿದ್ದರು. ಆ ಚಳಿಯಲ್ಲಿ ದುಡಿದವರನ್ನು ನೆನೆದರೆ ಬೈಯೋಕೆ ಮನಸ್ಸು ಬರುವುದಿಲ್ಲ. ಆದರೆ ಏನೂ ಕಾಣಲಿಲ್ಲ ಮಾರಾಯ್ರೆ. ನಾವು ದೀಪ ಆರಿಸಿದೆವು, ಪರದೆ ಎಳೆದೆವು, ಟಿವಿಯ ಬ್ರೈಟ್‌ನೆಸ್ ಪೂರ್ತಿ ಏರಿಸಿದೆವು. ಆಗಲೂ ಯಾರು ಯಾರನ್ನು ಕಡಿಯುತ್ತಿದ್ದಾರೆ ಅಂತ ಸದ್ದಿನಿಂದಲೇ ಊಹಿಸಬೇಕಾಗಿತ್ತು. ಅಕ್ಕ ‘ಇದು ರೇಡಿಯೋ ನಾಟಕ’ ಅಂದಳು. ಛಾಯಾಗ್ರಾಹಕ ಫೇಬಿಯನ್ ವ್ಯಾಗ್ನರ್ ಮಾತ್ರ ತಾವು ತೆಗೆದದ್ದು ಸರಿಯಾಗೇ ಇದೆ, ಜನ ಟಿವಿ ಸರಿಯಾಗಿ ಹೊಂದಿಸಿಕೊಂಡಿಲ್ಲ ಅನ್ನೋ ಅರ್ಥದಲ್ಲಿ ಉತ್ತರ ಕೊಟ್ಟರು. ಇರಬಹುದು. ನಮ್ಮ ಟಿವಿಗೆ ಬೇಜಾರಾಯಿತು.

ಆ ಕತ್ತಲೆಯಲ್ಲೂ ಒಂದು ದೃಶ್ಯ ಮರೆಯೋಕೆ ಆಗಲ್ಲ. ಮಾಟಗಾತಿ ಮೆಲಿಸಾಂಡ್ರೆ ಏನೋ ಮಂತ್ರ ಹೇಳುತ್ತಾಳೆ. ಡೆನೇರಿಸ್ ಕಡೆಯ ದೊಥ್ರಾಕಿ ಸವಾರರ ಬಾಗಿದ ಕತ್ತಿಗಳು ಒಂದರ ಹಿಂದೆ ಒಂದು ಹೊತ್ತಿಕೊಳ್ಳುತ್ತವೆ. ಅವರು ಕೂಗುತ್ತಾ ಕತ್ತಲೆಗೆ ನುಗ್ಗುತ್ತಾರೆ. ನಾವು ದೂರದಿಂದ ನೋಡುತ್ತೇವೆ, ಬೆಂಕಿಯ ಒಂದು ದೊಡ್ಡ ಸಾಲು ಮುಂದೆ ಮುಂದೆ ಹೋಗುತ್ತಾ ಚಿಕ್ಕದಾಗುತ್ತದೆ. ಆಮೇಲೆ ಆ ಚುಕ್ಕೆಗಳು ಒಂದೊಂದೇ ಆರುತ್ತವೆ. ಕೂಗು ನಿಲ್ಲುತ್ತದೆ. ಕೊನೇ ಚುಕ್ಕೆಯೂ ಆರುತ್ತದೆ. ಯಾರೂ ಏನೂ ಹೇಳುವುದಿಲ್ಲ. ಅಕ್ಕ ನನ್ನ ತೋಳು ಹಿಡಿದುಕೊಂಡಿದ್ದಳು, ಉಗುರಿನ ಗುರುತು ಮಾರನೇ ದಿನವೂ ಇತ್ತು.

(ಬುದ್ಧಿ ಇರೋ ಯಾವ ಸೇನಾಪತಿ ತನ್ನ ಕುದುರೆ ಸವಾರರನ್ನೆಲ್ಲ ಕಣ್ಣಿಗೆ ಕಾಣದ ಶತ್ರುವಿನ ಮೇಲೆ ಮೊದಲೇ ಬಿಡುತ್ತಾನೆ ಅಂತ ಕೇಳಬೇಡಿ. ಕೇಳಿದರೆ ಆ ದೃಶ್ಯ ನಿಲ್ಲುವುದಿಲ್ಲ.)

ಕೊನೆಯಲ್ಲಿ ಸಂಗೀತಗಾರ ರಮೀನ್ ಜವಾದಿಯ ಪಿಯಾನೋ ಶುರುವಾಗುತ್ತದೆ. ಕತ್ತಿಗಳ ಸದ್ದೆಲ್ಲ ಹಿಂದೆ ಸರಿದು ಆ ಸ್ವರಗಳಷ್ಟೇ ಉಳಿಯುತ್ತವೆ. ಎಲ್ಲರೂ ಸೋಲುತ್ತಿದ್ದಾರೆ. ನೈಟ್ ಕಿಂಗ್ ಬ್ರಾನ್ ಮುಂದೆ ಬಂದು ನಿಂತಿದ್ದಾನೆ. ಹಿಂದಿನಿಂದ ಬ್ರಾನ್‌ನ ಅಕ್ಕ ಆರ್ಯಾ ಹಾರುತ್ತಾಳೆ. ಅವನು ಅವಳ ಕತ್ತು ಹಿಡಿಯುತ್ತಾನೆ. ಎಡಗೈಯಿಂದ ಜಾರಿದ ಬಾಕು ಕೆಳಗೆ ಕಾದಿದ್ದ ಬಲಗೈಗೆ ಬೀಳುತ್ತದೆ. ಮುಗೀತು. ನಾವಿಬ್ಬರೂ ಕೂಗಿಕೊಂಡು ಕುಣಿದೆವು, ಸುಳ್ಳು ಯಾಕೆ ಹೇಳಲಿ. ಕುಣಿದು ಕೂತ ಮೇಲೆ ಅಕ್ಕ ಕೇಳಿದಳು: ‘ಅಷ್ಟೇನಾ? ಅವನಿಗೆ ಏನು ಬೇಕಿತ್ತು ಅಂತಾನೇ ಗೊತ್ತಾಗ್ಲಿಲ್ವಲ್ಲೋ.’ ಮೊಟ್ಟಮೊದಲ ಎಪಿಸೋಡಿನ ಮೊಟ್ಟಮೊದಲ ದೃಶ್ಯದಿಂದ ಹೆದರಿಸಿಕೊಂಡು ಬಂದ ಚಳಿಗಾಲ ಒಂದೇ ರಾತ್ರಿಗೆ ಮುಗಿದಿತ್ತು. ಬೆಟ್ಟ ಅಗೆದು ಇಲಿ ಹಿಡಿದ ಹಾಗೆ. ನೋಟ್‌ಬುಕ್ಕಿನಲ್ಲಿ ನೈಟ್ ಕಿಂಗ್ ಬಗ್ಗೆ ಇಬ್ಬರೂ ಸೇರಿ ನಾಲ್ಕು ಪುಟ ಬರೆದಿದ್ದೆವು. ಒಂದು ಸಾಲೂ ಉಪಯೋಗಕ್ಕೆ ಬರಲಿಲ್ಲ.

ನಾಲ್ಕನೇ ಎಪಿಸೋಡಿನಲ್ಲಿ ಕಾಫಿ ಕಪ್ಪು ಬಂತು. ವಿಂಟರ್‌ಫೆಲ್‌ನ ಔತಣದ ಮೇಜಿನ ಮೇಲೆ, ಡೆನೇರಿಸ್ ಮುಂದೆ, ಯಾರೋ ಮರೆತಿಟ್ಟ ಈ ಕಾಲದ ಕಪ್ಪು. ಜಗತ್ತೆಲ್ಲ ನಕ್ಕಿತು. ಎಚ್‌ಬಿಒ ಕೂಡ, ರಾಣಿ ಕೇಳಿದ್ದು ಗಿಡಮೂಲಿಕೆ ಚಹಾ ಅಂತ ತಮಾಷೆ ಮಾಡಿ, ಆಮೇಲೆ ಅದನ್ನು ಅಳಿಸಿಹಾಕಿತು. ನನಗೆ ಆ ಕಪ್ಪಿನ ಮೇಲೆ ಕೋಪ ಇಲ್ಲ. ದಣಿದವರು ಮರೆಯುತ್ತಾರೆ. ಕೋಪ ಬಂದದ್ದು ಅದೇ ಎಪಿಸೋಡಿನ ಇನ್ನೊಂದು ಮರೆವಿನ ಮೇಲೆ. ಡ್ರ್ಯಾಗನ್ ಮೇಲೆ ಆಕಾಶದಲ್ಲಿ ಹಾರುತ್ತಿರುವ ಡೆನೇರಿಸ್‌ಗೆ ಕೆಳಗಿನ ಸಮುದ್ರದಲ್ಲಿರೋ ಶತ್ರು ಯೂರಾನ್‌ನ ಹಡಗುಗಳೇ ಕಾಣುವುದಿಲ್ಲ! ದೊಡ್ಡ ಬಾಣಗಳು ಹಾರಿ ಬಂದು ಅವಳ ಇನ್ನೊಂದು ಡ್ರ್ಯಾಗನ್ ರೇಗಲ್ ಸಮುದ್ರಕ್ಕೆ ಬೀಳುತ್ತದೆ. ಎಪಿಸೋಡ್ ಆದಮೇಲೆ ಬರುವ ವಿವರಣೆಯಲ್ಲಿ ಬೆನಿಯಾಫ್ ಇದಕ್ಕೆ ಕೊಟ್ಟ ಕಾರಣ: ಡೆನೇರಿಸ್ ಆ ಹಡಗುಗಳನ್ನು ಒಂಥರಾ ಮರೆತೇಬಿಟ್ಟಿದ್ದಳು. ಆ ಮಾತು ದೊಡ್ಡ ಮೀಮ್ ಆಯಿತು. ಯಾರೂ ಯಾವ ಸಾಲವನ್ನೂ ಮರೆಯದ ಲೋಕದಲ್ಲಿ ರಾಣಿ ಒಂದು ನೌಕಾಪಡೆಯನ್ನೇ ಮರೆತಳಂತೆ.

ಈಗ ಗಂಟೆಗೆ ಬರೋಣ.

ಮೇ 12. ಐದನೇ ಎಪಿಸೋಡು. ಗಂಟೆ ಹೊಡೆದರೆ ನಗರ ಶರಣಾಯಿತು ಅಂತ ಅರ್ಥ, ಆಗ ದಾಳಿ ನಿಲ್ಲಿಸು ಅಂತ ಟಿರಿಯನ್ ಡೆನೇರಿಸ್‌ಳನ್ನು ಬೇಡಿಕೊಂಡಿರುತ್ತಾನೆ. ಅವಳ ಡ್ರ್ಯಾಗನ್ ಡ್ರೋಗಾನ್ ಹಡಗುಗಳನ್ನು ಸುಡುತ್ತದೆ, ಕೋಟೆಯ ಬಾಗಿಲು ಸುಡುತ್ತದೆ. ಸೈನಿಕರು ಕತ್ತಿ ಕೆಳಗಿಡುತ್ತಾರೆ. ‘ಗಂಟೆ ಹೊಡೀರಿ’ ಅಂತ ಬೀದಿಯ ಜನ ಕೂಗುತ್ತಾರೆ. ಗಂಟೆ ಹೊಡೆಯುತ್ತದೆ. ಡೆನೇರಿಸ್ ಗೋಡೆಯ ಮೇಲೆ ಡ್ರೋಗಾನ್ ಬೆನ್ನಲ್ಲಿ ಕೂತಿದ್ದಾಳೆ. ಗೆದ್ದಾಗಿದೆ. ಕ್ಯಾಮೆರಾ ಅವಳ ಮುಖದ ಮೇಲೇ ನಿಲ್ಲುತ್ತದೆ. ಡೆನೇರಿಸ್ ಪಾತ್ರದ ಎಮಿಲಿಯಾ ಕ್ಲಾರ್ಕ್ ಅಲ್ಲಿ ಮಾತಿಲ್ಲದೆ ಮಾಡಿದ್ದನ್ನು ಏನಂತ ಹೇಳಲಿ? ಉಸಿರು ಮೇಲೆ ಕೆಳಗೆ ಆಗುತ್ತದೆ, ತುಟಿ ನಡುಗುತ್ತದೆ, ಕಣ್ಣು ದೂರದ ಕೆಂಪು ಕೋಟೆಯ ಮೇಲೆ ನಿಲ್ಲುತ್ತದೆ. ಆಮೇಲೆ ಹಾರುತ್ತಾಳೆ, ಬೀದಿಗಳ ಮೇಲೆ. ಅಲ್ಲಿಂದ ಆ ಎಪಿಸೋಡು ಮುಗಿಯುವವರೆಗೆ ಅವಳ ಮುಖ ನಮಗೆ ಮತ್ತೆ ಕಾಣುವುದಿಲ್ಲ. ಮೇಲೆ ಒಂದು ನೆರಳು, ಕೆಳಗೆ ಬೂದಿ ಮೆತ್ತಿದ ಜನ.

‘ನಾನು ಹೇಳಿರಲಿಲ್ವಾ?’

ನನ್ನ ಹತ್ತಿರ ಸಾಕ್ಷಿ ಬೇಕಾದಷ್ಟಿತ್ತು. ಕುದಿಯುವ ಚಿನ್ನವನ್ನು ಅಣ್ಣನ ತಲೆ ಮೇಲೆ ಸುರಿದಾಗ ಅವಳು ಕಣ್ಣು ತಿರುಗಿಸಲಿಲ್ಲ. ಮೀರೀನ್ ನಗರದ ಒಡೆಯರು ದಾರಿಯ ಮೈಲಿಗೊಂದರಂತೆ 163 ಮಕ್ಕಳನ್ನು ಕಂಬಕ್ಕೆ ಜಡಿದಿದ್ದರು, ಅವಳು ಅಷ್ಟೇ ಜನ ಒಡೆಯರನ್ನು ಜಡಿಸಿದಳು. ದೊಥ್ರಾಕಿ ಮುಖಂಡರಾದ ಖಾಲ್‌ಗಳನ್ನು ಗುಡಿಸಲಿನೊಳಗೆ ಸುಟ್ಟಳು. ಮಂಡಿಯೂರದ ಟಾರ್ಲಿ ಅಪ್ಪ ಮಗನನ್ನು ಸುಟ್ಟಳು. ಅಪ್ಪ ಹುಚ್ಚು ರಾಜ, ರಕ್ತದಲ್ಲೇ ಇದೆ. ಎರಡನೇ ಸೀಸನ್ನಿನಲ್ಲೇ ಅವಳಿಗೆ ಒಂದು ಭ್ರಮೆ ಕಾಣುತ್ತದೆ: ಮಾಡು ಕುಸಿದ ಸಭಾಂಗಣ, ಸಿಂಹಾಸನದ ಮೇಲೆ ಬಿಳಿ ಬಿಳಿ ಏನೋ ಉದುರುತ್ತಿದೆ. ಆಗ ಹಿಮ ಅಂದುಕೊಂಡಿದ್ದೆವು. 2012ರಲ್ಲಿ ಉದುರಿದ್ದು 2019ರಲ್ಲಿ ಬೂದಿ ಅಂತ ಗೊತ್ತಾಯಿತು. ಎರಡು ಗೆರೆ ಎಳೆದ ನನ್ನ ಸಾಲು ನಿಜವಾಗಿತ್ತು. ಅಕ್ಕ ಪಂದ್ಯ ಸೋತಿದ್ದಳು.

ಈ ಸಲ ನೋಡುವಾಗ ನಾಲ್ಕನೇ ಸೀಸನ್ನಿನ ಕೊನೇ ಎಪಿಸೋಡ್ ಬಂತು. ಅದನ್ನು ನಾನು ಪೂರ್ತಿ ಮರೆತಿದ್ದೆ. ಮೀರೀನ್‌ನಲ್ಲಿ ಡೆನೇರಿಸ್ ಜನರ ಅಹವಾಲು ಕೇಳುತ್ತಾ ಕೂತಿದ್ದಾಳೆ. ಒಬ್ಬ ಮನುಷ್ಯ ಬರುತ್ತಾನೆ. ಕೈಯಲ್ಲಿ ಬಟ್ಟೆಯ ಸಣ್ಣ ಗಂಟು. ಅಳುತ್ತಾ ಅದನ್ನು ನೆಲದ ಮೇಲಿಟ್ಟು ಬಿಚ್ಚುತ್ತಾನೆ. ಒಳಗೆ ಸುಟ್ಟ ಮೂಳೆಗಳು. ಮೂರು ವರ್ಷದ ಮಗಳದ್ದು. ಕರಿ ಡ್ರ್ಯಾಗನ್ ಬಂದಿತ್ತು ಅನ್ನುತ್ತಾನೆ.

ಡ್ರೋಗಾನ್ ಎಲ್ಲೋ ಹಾರಿಹೋಗಿದೆ, ಕೈಗೆ ಸಿಗುವುದಿಲ್ಲ. ಅವಳು ಉಳಿದೆರಡನ್ನು ನೆಲಮಾಳಿಗೆಗೆ ಕರೆದೊಯ್ಯುತ್ತಾಳೆ. ತಿನ್ನೋಕೆ ಮಾಂಸ ಇಟ್ಟಿದೆ. ಅವು ನಂಬಿಕೆಯಿಂದ ಬರುತ್ತವೆ. ತಿನ್ನುತ್ತಿರುವಾಗ ತಾನೇ ಅವುಗಳ ಕುತ್ತಿಗೆಗೆ ಕಬ್ಬಿಣದ ಪಟ್ಟಿ ಹಾಕುತ್ತಾಳೆ. ತಿರುಗಿ ನಡೆಯುತ್ತಾಳೆ. ಹಿಂದೆ ಸರಪಳಿ ಬಿಗಿಯಾಗೋ ಸದ್ದು, ಆಮೇಲೆ ಅವುಗಳ ಕೂಗು. ಮಕ್ಕಳು ಅಮ್ಮನನ್ನು ಕರೆದ ಹಾಗೇ ಇದೆ. ಅವಳು ತಿರುಗಿ ನೋಡುವುದಿಲ್ಲ, ಅಳುತ್ತಾ ಮೆಟ್ಟಿಲು ಹತ್ತುತ್ತಾಳೆ, ಕಲ್ಲಿನ ಬಾಗಿಲು ಮುಚ್ಚುತ್ತದೆ. ಪರರ ಒಂದು ಮಗುವಿಗಾಗಿ ತನ್ನ ಮಕ್ಕಳು ಅಂತ ಕರೆಯುತ್ತಿದ್ದವನ್ನು ಕತ್ತಲೆಯಲ್ಲಿ ಕಟ್ಟಿಹಾಕಿದವಳು ಇವಳು.

ಅಲ್ಲೇ ನಿಲ್ಲಿಸಿ ಅಕ್ಕನಿಗೆ ಫೋನ್ ಮಾಡಿದ್ದು. ‘ಸುಡ್ತಾಳೆ ಅಂದಿದ್ದು ಸರಿ. ಸುಡೋದು ಅವಳಿಗೆ ಸುಲಭ ಅಂದುಕೊಂಡಿದ್ದು ತಪ್ಪು’ ಅಂದೆ.

ಸ್ವಲ್ಪ ಹೊತ್ತು ಆ ಕಡೆಯಿಂದ ಸದ್ದಿಲ್ಲ. ಆಮೇಲೆ ಅಕ್ಕ ಅಂದಳು: ‘ಅವಳು ಸುಟ್ಟಿದ್ದಕ್ಕೆ ನಾನು ಅವತ್ತು ಅತ್ತಿದ್ದು ಅಂದ್ಕೊಂಡಿದ್ಯಾ? ಅವಳಿಗೆ ಅಷ್ಟು ದೂರ ಹೋಗೋಕೆ ಟೈಮೇ ಕೊಡಲಿಲ್ಲ ಕಣೋ. ದಾರೀಲಿ ಎಲ್ಲಾದ್ರೂ ತಿರುಗ್ತಿದ್ದಳೇನೋ.’

ನಾನು ನಾಲ್ಕು ಸೀಸನ್ ಪೂರ್ತಿ ನೋಡಿ ಯೋಚಿಸಿ ಕಂಡುಕೊಂಡೆ ಅಂದುಕೊಂಡದ್ದನ್ನು ಇವಳು 2019ರಲ್ಲೇ ತಿಳಿದುಕೊಂಡು ಸುಮ್ಮನೆ ಕೂತಿದ್ದಳು! ಆ ನೆಲಮಾಳಿಗೆಯ ಬಾಗಿಲಿಂದ ಆ ಗೋಡೆಯವರೆಗೆ ಒಂದು ದಾರಿ ಖಂಡಿತ ಇದೆ. ಅದರ ಗುರುತುಗಳೂ ಅಲ್ಲಲ್ಲಿ ಇವೆ. ಅವಳ ಡ್ರ್ಯಾಗನ್ ವಿಸೇರಿಯನ್ ಸತ್ತಿತು, ನಂಬಿದ ಬಂಟ ಜೋರಾ ಸತ್ತ, ರೇಗಲ್ ಸತ್ತಿತು. ಆಪ್ತ ಗೆಳತಿ ಮಿಸ್ಸಾಂಡೆ ಕೋಟೆಯ ಮೇಲೆ ನಿಂತು ‘ಡ್ರಾಕಾರಿಸ್’ (ಡ್ರ್ಯಾಗನ್‌ಗೆ ಬೆಂಕಿ ಉಗುಳು ಅನ್ನೋ ಆಜ್ಞೆ) ಅನ್ನೋ ಒಂದೇ ಮಾತು ಬಿಟ್ಟು ಸತ್ತಳು. ಔತಣದಲ್ಲಿ ಎಲ್ಲರೂ ಜಾನ್‌ನನ್ನು ಹೊಗಳುವಾಗ ಡೆನೇರಿಸ್ ಒಬ್ಬಳೇ ಕೂತು ನಗೋಕೆ ಪ್ರಯತ್ನಿಸುತ್ತಾಳೆ, ಆಗುವುದಿಲ್ಲ. ಇವೆಲ್ಲ ಮೈಲಿಗಲ್ಲುಗಳು. ಕಲ್ಲುಗಳ ನಡುವಿನ ನಡಿಗೆ ಮಾತ್ರ ಇಲ್ಲ. ಹತ್ತು ಎಪಿಸೋಡಿನ ಕಾಲದಲ್ಲಾಗಿದ್ದರೆ ಮಿಸ್ಸಾಂಡೆ ಸತ್ತ ಮೇಲೆ ಡೆನೇರಿಸ್‌ಳ ಒಂದು ಇಡೀ ರಾತ್ರಿಯನ್ನು ನಾವು ಅವಳ ಕೋಣೆಯಲ್ಲೇ ಕಳೆಯುತ್ತಿದ್ದೆವು. ಇಲ್ಲಿ ತಲೆ ಕೆದರಿಕೊಂಡು, ಊಟ ಬಿಟ್ಟು ಕೂತಿದ್ದಾಳೆ ಅಂತ ಒಂದು ದೃಶ್ಯದಲ್ಲಿ ಹೇಳಿ ಮುಗಿಸಿದರು.

ಸೀಸನ್ನನ್ನು ಬೇರೆಯವರಿಂದ ಬರೆಸಿ ಮತ್ತೆ ಮಾಡಿ ಅಂತ ಆಗ ಒಂದು ಪೆಟಿಷನ್ ಓಡಿತು. 10 ಲಕ್ಷಕ್ಕೂ ಜಾಸ್ತಿ ಜನ ಸಹಿ ಹಾಕಿದರು. ಆ ಗುಂಪಿನಲ್ಲಿ ನಾನೂ ಒಬ್ಬ. ಈಗ ನೆನೆದರೆ ನಾಚಿಕೆ. ಸಹಿ ಹಾಕುವಾಗ 55 ರಾತ್ರಿ ನಿದ್ದೆ ಬಿಟ್ಟವರು ನೆನಪಿಗೆ ಬರಲಿಲ್ಲ. ಅದೇ ವರ್ಷ ಆ ಸೀಸನ್ನಿಗೆ ಅಮೆರಿಕದ ಟಿವಿ ಪ್ರಶಸ್ತಿ ಎಮ್ಮಿ 12 ಬಂತು, ಅತ್ಯುತ್ತಮ ಡ್ರಾಮಾ ಸರಣಿಯದ್ದೂ ಸೇರಿ. ಟಿರಿಯನ್ ಪಾತ್ರಕ್ಕೆ ಪೀಟರ್ ಡಿಂಕ್ಲೇಜ್‌ಗೆ ಅದು ನಾಲ್ಕನೆಯದು. ಪ್ರಶಸ್ತಿ ಬಂತು ಅಂತ ನನ್ನ ತಕರಾರೇನೂ ಹೋಗಲಿಲ್ಲ, ಅದು ಬೇರೆ.

ಕೊನೇ ಎಪಿಸೋಡನ್ನು ಆ ಒಂದೇ ರಾತ್ರಿ ಅಮೆರಿಕದಲ್ಲಿ 1 ಕೋಟಿ 93 ಲಕ್ಷ ಜನ ನೋಡಿದರು. ಜಾನ್ ಡೆನೇರಿಸ್‌ಳನ್ನು ಅಪ್ಪಿಕೊಂಡೇ ಇರಿದ. ಡ್ರೋಗಾನ್ ಬಂದು ಮೂತಿಯಿಂದ ಅವಳನ್ನು ಮೆಲ್ಲಗೆ ತಳ್ಳಿ ನೋಡಿತು. ಎಬ್ಬಿಸೋಕೆ. ಎದ್ದಿಲ್ಲ ಅಂತ ಗೊತ್ತಾದ ಮೇಲೆ ಕೊಂದವನನ್ನು ಬಿಟ್ಟು ಸಿಂಹಾಸನವನ್ನು ಸುಟ್ಟು ಕರಗಿಸಿತು. ಆಮೇಲೆ ಉಳಿದ ದೊಡ್ಡವರೆಲ್ಲ ಸಭೆ ಸೇರಿದರು. ಎಡ್ಮ್ಯೂರ್ ಟಲ್ಲಿ ಎದ್ದು ತಾನೇ ರಾಜ ಆಗ್ತೀನಿ ಅನ್ನೋ ಹಾಗೆ ಭಾಷಣ ಶುರು ಮಾಡಿದ. ಬ್ರಾನ್‌ನ ಅಕ್ಕ ಸಾನ್ಸಾ ‘ಮಾವ, ದಯವಿಟ್ಟು ಕೂತ್ಕೊಳ್ಳಿ’ ಅನ್ನೋ ಧಾಟಿಯಲ್ಲಿ ಕೂರಿಸಿದಳು. ಜನರೇ ಆರಿಸಿದರೆ ಹೇಗೆ ಅಂತ ಜಾನ್‌ನ ಗೆಳೆಯ ಸ್ಯಾಮ್ ಕೇಳಿದ್ದಕ್ಕೆ ಎಲ್ಲರೂ ನಕ್ಕರು. ಕೊನೆಗೆ ಬ್ರಾನ್ ರಾಜ. ನಮ್ಮ ನೋಟ್‌ಬುಕ್ಕಿನಲ್ಲಿ ಅವನ ಹೆಸರೇ ಇರಲಿಲ್ಲ. ಜಾನ್ ಗೋಡೆಯಾಚೆ ಹೋದ. ಗೇಟು ಮುಚ್ಚಿದ ಮೇಲೆ ಹಿಮದಲ್ಲಿ ಒಂದು ಹಸಿರು ಹುಲ್ಲಿನ ಎಸಳು ಕಾಣುತ್ತದೆ. ಈ ಸಲ ಅದನ್ನು ನೋಡೋಕೆ ಹಿಂದೆ ಹೋಗಿ ನಿಲ್ಲಿಸಿ ನೋಡಿದೆ.

ಆ ಕೊನೇ ಎಪಿಸೋಡಿಗೆ ಅಕ್ಕನನ್ನೂ ಕರೆದಿದ್ದೆ. ಬರಲ್ಲ ಅಂದವಳು ಬಂದಳು. ನೋಟ್‌ಬುಕ್ಕನ್ನೂ ತಂದಿದ್ದಳು, ಎಲ್ಲಿಟ್ಟಿದ್ದಳೋ. ಡೆನೇರಿಸ್ ಸಾಯುವಾಗ ಎದ್ದು ನೀರು ಕುಡಿಯೋಕೆ ಹೋದಳು. ಬ್ರಿಯೆನ್ ಬಂದಾಗ ವಾಪಸ್ ಬಂದು ಕೂತಳು.

ಬ್ರಿಯೆನ್ ಈಗ ರಾಜನ ಅಂಗರಕ್ಷಕರ ಮುಖ್ಯಸ್ಥೆ. ಮುಂದೆ ದೊಡ್ಡ ಬಿಳಿ ಪುಸ್ತಕ. ಪ್ರತಿಯೊಬ್ಬ ನೈಟ್‌ನ ಸಾಧನೆ ಬರೆದಿಡುವ ಪುಸ್ತಕ ಅದು. ನಾಲ್ಕನೇ ಸೀಸನ್ನಿನಲ್ಲಿ ಆಗ ರಾಜನಾಗಿದ್ದ ಜಾಫ್ರಿ ಇದೇ ಪುಸ್ತಕ ತಿರುವಿ, ನಿನ್ನ ಸಾಧನೆ ಬರೆಯೋಕೆ ಯಾರೋ ಮರೆತಿದ್ದಾರೆ ಅಂತ ಜೇಮಿಯನ್ನು ಅಣಕಿಸಿದ್ದ. ಇನ್ನೂ ಸಮಯ ಇದೆ ಅಂದಿದ್ದ ಜೇಮಿ. ಬ್ರಿಯೆನ್ ಅವನ ಪುಟ ತೆಗೆಯುತ್ತಾಳೆ. ಲೇಖನಿ ಅದ್ದಿ ಬರೆಯುತ್ತಾಳೆ. ಸೆರೆ ಸಿಕ್ಕಿದ್ದು, ಕೈ ಕಳೆದುಕೊಂಡದ್ದು, ಒಂದು ಜೀವವೂ ಹೋಗದ ಹಾಗೆ ರಿವರ್‌ರನ್ ಕೋಟೆ ಗೆದ್ದದ್ದು, ಒಬ್ಬನೇ ವಿಂಟರ್‌ಫೆಲ್‌ಗೆ ಬಂದದ್ದು. ಅಂಗಳದಲ್ಲಿ ತನ್ನನ್ನು ಬಿಟ್ಟು ಹೋದದ್ದು ಬರೆಯುವುದಿಲ್ಲ. ಕೊನೇ ಸಾಲಿಗೆ ಬಂದಾಗ ಕೈ ನಿಲ್ಲುತ್ತದೆ. ಕಿಟಕಿ ಕಡೆ ನೋಡುತ್ತಾಳೆ. ಆಮೇಲೆ, ತನ್ನ ರಾಣಿಯನ್ನು ಕಾಪಾಡುತ್ತಾ ಸತ್ತ ಅಂತ ಬರೆಯುತ್ತಾಳೆ.

ಬರೆದವಳೇ ಪುಸ್ತಕ ಮುಚ್ಚಿಬಿಟ್ಟಳು.

‘ಅಯ್ಯೋ, ಒಣಗೋಕೆ ಬಿಡೇ ಮಾರಾಯ್ತಿ!’ ಅಂತ ಅಕ್ಕ ಟಿವಿಗೆ ಕೂಗಿದಳು.